ಒಂದು ಜೊತೆ ಸ್ಪೀಕರ್, ಒಂದು ಬೋರ್‌ವೆಲ್ ಸಾಲ

ಯುವಜನರ ಕೂಟ, ಮಾದಿಹಳ್ಳಿ. ವಾಕ್ಯ ಅಧ್ಯಯನದ ಬರಹರೂಪ.
ಓದುವ ಭಾಗ: ಧರ್ಮೋಪದೇಶಕಾಂಡ 14:22–29; ಮಾರ್ಕ 7:9–13

ಕೂತ್ಕೊಳ್ಳಿ. ಬೈಬಲ್ ತೆಗೀರಿ. ಫೋನಲ್ಲಿ ಓದೋರು ಫೋನಲ್ಲೇ ತೆಗೀರಿ, ನೋಟಿಫಿಕೇಶನ್ ಮಾತ್ರ ಆಫ್ ಮಾಡ್ಕೊಳ್ಳಿ.

ನಿಮ್ಮಲ್ಲೇ ಒಬ್ಬ ತಮ್ಮ ಹೋದ ತಿಂಗಳು ನನಗೊಂದು ಮೆಸೇಜ್ ಕಳಿಸಿದ. ಹೆಸರು ಹೇಳಲ್ಲ. ಈ ವಿಷಯ ಮಾತಾಡೋಕೆ ಅವನ ಒಪ್ಪಿಗೆ ತಗೊಂಡಿದ್ದೀನಿ. ಈ ಮಾದಿಹಳ್ಳಿ ಕಡೆಯವನೇ, ಬೆಂಗಳೂರಲ್ಲಿ ಕೆಲಸ, ಬಾಡಿಗೆ ಮನೆ. ಮೆಸೇಜಲ್ಲಿ ಒಂದು ಜೊತೆ ಸ್ಪೀಕರ್ ಮತ್ತು ಆಂಪ್ಲಿಫೈಯರ್‌ನ ಫೋಟೊ ಇತ್ತು. ಎಲ್ಲಾ ಸೇರಿ 1,60,000 ರೂಪಾಯಿ. ಕೆಳಗೆ ಒಂದೇ ಸಾಲು: "ಬ್ರದರ್, ಇದು ತಗೊಂಡ್ರೆ ತಪ್ಪಾ?"

ನಗಬೇಡಿ. ನಮ್ಮಲ್ಲಿ ಬಹಳ ಜನ ಮೊದಲು ತಗೊಂಡು ಬಂದು, ಆಮೇಲೆ "ಅಯ್ಯನವರೇ, ಕೀ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ" ಅಂತಾರೆ. ಇವನು ತಗೊಳ್ಳೋಕೆ ಮೊದಲೇ ಕೇಳಿದ. ಅದಕ್ಕೇ ನಾನು ಒಂದು ಇಮೋಜಿ ಹಾಕಿ ಸುಮ್ಮನಾಗದೆ ವಾಕ್ಯ ತೆಗೆದೆ.

ಇಂಥ ಪ್ರಶ್ನೆಗೆ ಸಭೆಯಲ್ಲಿ ರೆಡಿಯಾಗಿ ಸಿಗೋ ಉತ್ತರಗಳು ಎರಡು. ಹಿರಿಯರನ್ನ ಕೇಳಿದ್ರೆ, "ಇದೆಲ್ಲಾ ಲೋಕದ ಆಶೆ, ಬಿಟ್ಟುಬಿಡು" ಅಂತಾರೆ. ಯೂಟ್ಯೂಬ್ ಪ್ರಸಂಗಿಗಳನ್ನ ಕೇಳಿದ್ರೆ, "ನೀನು ಅರಸನ ಮಗ, ಒಳ್ಳೇದನ್ನೇ ತಗೋ" ಅಂತಾರೆ. ಎರಡೂ ಕಡೆ ಯಾರೂ ಬೈಬಲ್ ತೆಗೆದಿಲ್ಲ ಅನ್ನೋದೇ ನನ್ನ ತಕರಾರು.

ಈಗ ಧರ್ಮೋಪದೇಶಕಾಂಡ 14 ನೋಡಿ. ದಶಮಭಾಗದ ಬಗ್ಗೆ ಇರೋ ಅಧ್ಯಾಯ ಇದು. ಇಸ್ರಾಯೇಲ್ಯರು ಬೆಳೆಯಲ್ಲಿ ಹತ್ತನೇ ಒಂದು ಪಾಲನ್ನ ಪ್ರತ್ಯೇಕಿಸಿ, ಯೆಹೋವನು ಆರಿಸಿಕೊಂಡ ಸ್ಥಳಕ್ಕೆ ತಗೊಂಡು ಹೋಗಿ ಅಲ್ಲಿ ಊಟ ಮಾಡಬೇಕಿತ್ತು. ದಾರಿ ದೂರ ಆದ್ರೆ? ಧಾನ್ಯ, ಕುರಿ ಎಲ್ಲಾ ಮಾರಿ, ದುಡ್ಡನ್ನ ಕೈಯಲ್ಲಿ ಕಟ್ಟಿಕೊಂಡು ಹೋಗಬೇಕು. ಅಲ್ಲಿ ಹೋದ್ಮೇಲೆ ಏನು ಮಾಡಬೇಕು? 26ನೇ ವಚನ. ನಿನ್ನ ಮನಸ್ಸು ಏನನ್ನ ಬಯಸುತ್ತೋ ಅದನ್ನ ಕೊಂಡ್ಕೋ ಅನ್ನೋ ಅರ್ಥದಲ್ಲಿ ಮೋಶೆ ಹೇಳ್ತಾನೆ. ದನ, ಕುರಿ, ದ್ರಾಕ್ಷಾರಸ ಅಂತ ಪಟ್ಟೀನೂ ಕೊಡ್ತಾನೆ. ಆ ಪಟ್ಟಿಯಲ್ಲಿ ಇನ್ನೊಂದು ಐಟಂ ಇದೆ, ಹಿಂದಿನ ಸಾಲಿನ ಹುಡುಗರು ಆಗಲೇ ನೋಡಿ ಒಬ್ಬರಿಗೊಬ್ಬರು ತೋರಿಸ್ತಿದ್ದೀರ. ಅದಕ್ಕೆ ಬೇರೆ ದಿನ ಬೇರೆ ಪಾಠ ಇದೆ, ಇವತ್ತು ಬೇಡ.

ನಾವು ಆ ನಿಯಮದ ಕೆಳಗಿಲ್ಲ, ಗೊತ್ತು. ಆದ್ರೆ ಅದನ್ನ ಕೊಟ್ಟ ದೇವರ ಮನಸ್ಸು ನೋಡಿ. ನಿನಗೆ ಒಂದು ವಸ್ತು ಇಷ್ಟ ಅನ್ನೋದು ಆತನಿಗೆ ಮುಜುಗರದ ವಿಷಯ ಅಲ್ಲ. ತನ್ನ ಸನ್ನಿಧಿಯಲ್ಲೇ ಅದನ್ನ ಕೊಂಡು ತಿಂದು ಸಂತೋಷಪಡು ಅಂತಾನೆ. ಸಂಗೀತದ ವಿಷಯಕ್ಕೇ ಬಂದ್ರೆ, 1 ಪೂರ್ವಕಾಲವೃತ್ತಾಂತ 25:7ರಲ್ಲಿ ದೇವರ ಮನೆಯಲ್ಲಿ ಹಾಡೋದಕ್ಕೆ ತರಬೇತಾದ ನಿಪುಣರ ಲೆಕ್ಕ ಇದೆ, 288 ಜನ. ಯಾರೋ ಕೂತು ಎಣಿಸಿ ಬರೆದಿಟ್ಟಿದ್ದಾರೆ. ಹಾಗಾಗಿ ಒಳ್ಳೇ ಧ್ವನಿಗೆ ಕಿವಿ ಸೋಲೋದು ಪಾಪ ಅಂತ ನನ್ನ ಬಾಯಲ್ಲಿ ಬರಲ್ಲ. ಹದಿನೈದು ವರ್ಷ ಸಭೆಯ ಮಿಕ್ಸರ್ ಹಿಂದೆ ಕೂತವನು ನಾನು. ತಬಲಾದ ಎಡಗೈ ಪೆಟ್ಟು ಸರಿಯಾದ ಸ್ಪೀಕರಲ್ಲಿ ಬಂದಾಗ ಎದೆಯಲ್ಲಿ ಏನಾಗುತ್ತೆ ಅಂತ ನನಗೂ ಗೊತ್ತು.

ಈ ತಮ್ಮನಿಗೆ ನಾನು ಇಷ್ಟು ಬರೆದು ಕಳಿಸಿದೆ. ಅವನು ಖುಷಿಯಾಗಿ ಇನ್ನೊಂದು ಮೆಸೇಜ್ ಹಾಕಿದ: "ಹೌದು ಬ್ರದರ್, ಅದೂ ಅಲ್ಲದೆ ಇದು ಆರಾಧನೆಗೇ. ಬೆಳಿಗ್ಗೆ ವರ್ಷಿಪ್ ಸಾಂಗ್ಸ್ ಹಾಕ್ಕೊಂಡು ಪ್ರಾರ್ಥನೆ ಮಾಡ್ಬಹುದು."

ಇಲ್ಲಿ ನಾನು ನಿಂತೆ.

ಮಾರ್ಕ 7ಕ್ಕೆ ಬನ್ನಿ. ಫರಿಸಾಯರು ಮತ್ತು ಶಾಸ್ತ್ರಿಗಳ ಜೊತೆ ಯೇಸುಸ್ವಾಮಿ ಮಾತಾಡ್ತಿದ್ದಾನೆ. ಅವರಲ್ಲಿ ಒಂದು ಪದ್ಧತಿ ಇತ್ತು. ಮಗನ ಹತ್ತಿರ ದುಡ್ಡಿದೆ, ತಂದೆತಾಯಿಗೆ ಅಗತ್ಯ ಇದೆ. ಮಗ "ಇದು ಕೊರ್ಬಾನ್" ಅಂದ್ರೆ, ದೇವರಿಗೆ ಮುಡಿಪು ಅಂದ್ರೆ, ಮುಗೀತು. ಅಪ್ಪ ಅಮ್ಮ ಕೇಳೋ ಹಾಗಿಲ್ಲ. ಯೇಸು ಅದನ್ನ ಮೆಚ್ಚಲಿಲ್ಲ. ದೇವರ ಹೆಸರು ಹೇಳಿಯೇ ದೇವರ ಆಜ್ಞೆಯನ್ನ ಬದಿಗೆ ಸರಿಸ್ತಿದ್ದೀರಿ ಅಂತ ಗದರಿಸಿದ.

"ಆರಾಧನೆಗೆ" ಅನ್ನೋ ಮಾತು ನಮ್ಮ ಕಾಲದ ಕೊರ್ಬಾನ್ ಆಗಬಹುದು, ಪ್ರಿಯರೇ. ಈ ತಮ್ಮ ಬೆಳಿಗ್ಗೆ ಸ್ತುತಿ ಹಾಡು ಹಾಕ್ತಾನೆ, ನಂಬ್ತೀನಿ. ಸಾಯಂಕಾಲ ಇಳಯರಾಜಾನೂ ಹಾಕ್ತಾನೆ, ಮ್ಯಾಚೂ ನೋಡ್ತಾನೆ. ಹಾಕಲಿ. ಆದ್ರೆ "ನನಗೆ ಇಷ್ಟ" ಅಂತ ನೇರವಾಗಿ ಹೇಳಿದ್ರೆ ಬೇರೆಯವರು ಪ್ರಶ್ನೆ ಕೇಳಬಹುದು. "ದೇವರಿಗೋಸ್ಕರ" ಅಂದ ತಕ್ಷಣ ಎಲ್ಲರ ಬಾಯಿ ಮುಚ್ಚುತ್ತೆ. ಧರ್ಮೋಪದೇಶಕಾಂಡದ ದೇವರು ನಿನ್ನ ಇಷ್ಟವನ್ನ ಇಷ್ಟ ಅಂತಲೇ ಕರೆಯೋ ಸ್ವಾತಂತ್ರ್ಯ ಕೊಟ್ಟಿರುವಾಗ, ಅದಕ್ಕೆ ಬಿಳಿ ಬಟ್ಟೆ ಯಾಕೆ ಹೊದಿಸಬೇಕು?

ಯಾರೋ ಆಗಲೇ ಮಾರ್ಕ 14 ತೆಗೆದಿರ್ತೀರ. ಬೇಥಾನ್ಯದ ಆ ಸ್ತ್ರೀ ಮುನ್ನೂರು ಹಣಕ್ಕಿಂತ ಜಾಸ್ತಿ ಬೆಲೆಯ ತೈಲ ಸುರಿದಳು, ಹೆಚ್ಚುಕಡಿಮೆ ಒಂದು ವರ್ಷದ ಕೂಲಿ, ಯೇಸು ಅವಳ ಪರವಾಗಿ ನಿಂತ. ನಿಜ. ಅವಳು ಅದನ್ನ ಆತನ ತಲೆ ಮೇಲೆ ಸುರಿದು ಖಾಲಿ ಮಾಡಿದಳು. ತನ್ನ ಮನೆ ಹಾಲಲ್ಲಿ ಟಿವಿ ಪಕ್ಕ ಇಟ್ಕೊಳ್ಳಲಿಲ್ಲ. ಆ ವಾಕ್ಯ ಈ ಖರೀದಿಗೆ ಹೊಂದಲ್ಲ, ಬಿಡಿ.

ಕೊರ್ಬಾನ್ ಯಾಕೆ ಎತ್ತಿದೆ ಅಂದ್ರೆ, ಆ ತಮ್ಮನ ಮನೆಯಲ್ಲಿ ಒಂದು ಸಾಲ ಇದೆ. ನಿನ್ನೆ ಸಾಯಂಕಾಲ ನಿಮ್ಮಲ್ಲಿ ಕೆಲವರು ಹಳೇಬೀಡಿಗೆ ಹೋಗಿ ಕೆರೆ ಏರಿ ಮೇಲೆ ಫೋಟೊ ತೆಗೆಸ್ಕೊಂಡು ಬಂದ್ರಿ. ಆ ಕೆರೆಗೆ ನೀರು ಬರಲಿ ಅಂತ, ರಣಘಟ್ಟದ ನೀರಿಗೋಸ್ಕರ, ಈ ಕಡೆಯ ರೈತರು ವರ್ಷಗಟ್ಟಲೆ ಹೋರಾಟ ಮಾಡಿದ್ದಾರೆ. ಬೇಲೂರಿನ ಮಲೆನಾಡು ಕಡೆ ಮಳೆ ಸುರಿಯುವಾಗ ಇದೇ ತಾಲ್ಲೂಕಿನ ಈ ಮಗ್ಗುಲಲ್ಲಿ ತೆಂಗು ಒಣಗುತ್ತೆ. ಅವನ ತಂದೆ ಬೋರ್ ಕೊರೆಸಿದ್ರು, ನೀರು ಬೀಳಲಿಲ್ಲ. ಇನ್ನೊಂದು ಕೊರೆಸಿದ್ರು. ಎರಡನೇದಕ್ಕೆ ಮಾಡಿದ ಕೈಸಾಲ 2 ಲಕ್ಷ ಉಳಿದಿದೆ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ.

ಲೂಕ 14:28ರಲ್ಲಿ ಗೋಪುರ ಕಟ್ಟೋನು ಮೊದಲು ಕೂತು ಲೆಕ್ಕ ಹಾಕ್ತಾನೆ ಅಂತ ಇದೆಯಲ್ಲ. ಇವನ ಜೊತೆ ನಾನೂ ಕೂತೆ. ಸ್ಪೀಕರಿಗೆ ಹನ್ನೆರಡು ತಿಂಗಳ ಇಎಂಐ, ತಿಂಗಳಿಗೆ ಸುಮಾರು 13,333. ಅಪ್ಪ ಈಗ ಕಟ್ತಿರೋ ಬಡ್ಡಿ ತಿಂಗಳಿಗೆ 4,000. ಬಡ್ಡೀನ ಅಪ್ಪ ಕಟ್ಕೊಂಡು ಹೋಗಲಿ, ಅದೇ 13,333ನ್ನ ಇವನು ಅಸಲಿಗೆ ಹಾಕಲಿ. ವರ್ಷದ ಕೊನೆಗೆ ಸಾಲ 40,000ಕ್ಕೆ ಇಳಿಯುತ್ತೆ, ಬಡ್ಡಿ 800ಕ್ಕೆ. ಆಮೇಲೆ ಪ್ರತಿ ತಿಂಗಳು 3,200 ಅಪ್ಪನ ಜೇಬಲ್ಲೇ ಉಳಿಯುತ್ತೆ. ಈ ಲೆಕ್ಕ ನೋಡಿ ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಪ್ಪ ಒಂದು ದಿನಾನೂ ದುಡ್ಡು ಕೇಳಿಲ್ಲ ಬ್ರದರ್" ಅಂದ. ಹೌದು, ಕೇಳಲ್ಲ. ನಮ್ಮ ಊರ ಅಪ್ಪಂದಿರು ಕೇಳಲ್ಲ.

ಆಮೋಸ 6ರಲ್ಲಿ ದಾವೀದನ ಹಾಗೆ ವಾದ್ಯಗಳನ್ನ ಕಲ್ಪಿಸಿಕೊಂಡು ಹಾಡ್ತಾ ಕೂತವರ ಬಗ್ಗೆ ಇದೆ. ಪ್ರವಾದಿಯ ದೂರು ವಾದ್ಯದ ಮೇಲಲ್ಲ. ಯೋಸೇಫನ ಮನೆತನ ಹಾಳಾಗ್ತಿರೋದು ಅವರ ಮನಸ್ಸಿಗೆ ತಟ್ಟಲಿಲ್ಲ ಅನ್ನೋದರ ಮೇಲೆ.

ಇಎಂಐ ಬಗ್ಗೆ ಒಂದು ಮಾತು, ಇದು ಎಲ್ಲರಿಗೂ. "ನೋ ಕಾಸ್ಟ್" ಅಂತ ಬರೆದಿರ್ತಾರೆ. ಸೊನ್ನೆ ಬಡ್ಡಿ ಅನ್ನೋ ಕಲ್ಪನೆಯೇ ಇಲ್ಲ ಅಂತ 2013ರಲ್ಲಿ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಬರೆದು ತಿಳಿಸಿತ್ತು. ಬಡ್ಡಿ ಪ್ರೋಸೆಸಿಂಗ್ ಫೀಸಲ್ಲೋ, ಬಿಟ್ಟುಕೊಟ್ಟ ಡಿಸ್ಕೌಂಟಲ್ಲೋ ಅಡಗಿ ಕೂತಿರುತ್ತೆ. ನಮ್ಮ ವಾಕ್ಯಭಾಗದ 25ನೇ ವಚನದಲ್ಲಿ ದುಡ್ಡು ಎಲ್ಲಿತ್ತು? ಕೈಯಲ್ಲಿ. ಮನಸ್ಸಿಗೆ ಬಂದದ್ದನ್ನ ಕೊಂಡ್ಕೋ ಅನ್ನೋ ಮಾತು ಬರೋದು ಅದರ ನಂತರದ ವಚನದಲ್ಲಿ.

ಇನ್ನು ಸ್ಪೀಕರಿನ ವಿಷಯ. ಮಿಕ್ಸರ್ ಹಿಂದೆ ಕೂತವನಾಗಿ ಹೇಳ್ತೀನಿ, ಅವನ ಹಾಲ್ ಹತ್ತಡಿ ಹನ್ನೆರಡಡಿ. ನೆಲಕ್ಕೆ ಟೈಲ್ಸ್, ನಾಲ್ಕು ಗೋಡೆ ಖಾಲಿ. ಅಂಥ ರೂಮಲ್ಲಿ ಶಬ್ದ ಗೋಡೆಯಿಂದ ಗೋಡೆಗೆ ಬಡಿದು ಕಲಸಿಹೋಗುತ್ತೆ. ಒಂದೂವರೆ ಲಕ್ಷದ ಸ್ಪೀಕರ್ ಅಲ್ಲಿ ಮೂವತ್ತು ಸಾವಿರದ ಸ್ಪೀಕರ್ ಥರ ಕೇಳಿಸುತ್ತೆ. ದಪ್ಪ ಪರದೆ, ನೆಲಕ್ಕೆ ಜಮಖಾನ, ಪುಸ್ತಕ ತುಂಬಿದ ಒಂದು ಕಪಾಟು, ಇಷ್ಟು ಹಾಕಿ ನೋಡಿ, ಈಗಿರೋ ಸ್ಪೀಕರೇ ಬೇರೆ ಆಗುತ್ತೆ. ಮೂಲೆಗೆ ಒತ್ತಿ ಇಟ್ರೆ ಬೇಸ್ ಊದಿಕೊಳ್ಳುತ್ತೆ, ಗೋಡೆಯಿಂದ ಸ್ವಲ್ಪ ಮುಂದಕ್ಕೆ ಎಳೀರಿ, ಇದಕ್ಕೆ ಕಾಸು ಬೇಡ. ವ್ಯಾಟ್ಸ್ ಜಾಸ್ತಿ ಅಂತ ಮೋಸ ಹೋಗಬೇಡಿ. ಪವರ್ ಎರಡರಷ್ಟಾದ್ರೆ ಹೆಚ್ಚೋದು 3 ಡೆಸಿಬೆಲ್, ಅಷ್ಟೇ. ನಮ್ಮ ಕಿವಿಗೆ ಶಬ್ದ ಎರಡರಷ್ಟಾಯ್ತು ಅನ್ನಿಸಬೇಕಾದ್ರೆ ಹೆಚ್ಚುಕಡಿಮೆ ಹತ್ತರಷ್ಟು ಪವರ್ ಬೇಕು. ಐದು ಸಾವಿರದ ಬ್ಲೂಟೂತ್ ಡಬ್ಬಿಯಿಂದ ನಲವತ್ತು ಸಾವಿರದ ಜೋಡಿಗೆ ಹೋದ್ರೆ ಆಕಾಶ ಭೂಮಿ ವ್ಯತ್ಯಾಸ. ಅಲ್ಲಿಂದ ಮೇಲೆ ನೀವು ಕೊಡೋ ಪ್ರತಿ ಲಕ್ಷಕ್ಕೂ ಸಿಗೋದು ಕಡಿಮೆ ಆಗ್ತಾ ಹೋಗುತ್ತೆ. ಇದು ನನ್ನ ಕಿವಿಯ ಸಾಕ್ಷಿ, ವಾಕ್ಯ ಅಲ್ಲ.

ಪಕ್ಕದ ಮನೆಯವರೂ ಇದ್ದಾರೆ. ಬೇಸ್ ಗೋಡೆ ದಾಟಿ ಹೋಗುತ್ತೆ. ಶಬ್ದ ಮಾಲಿನ್ಯದ ನಿಯಮ ಬಂದದ್ದು 2000ದಲ್ಲಿ. ವಾಸದ ಪ್ರದೇಶಕ್ಕೆ ಹಗಲು 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಅದೇ ವರ್ಷ ಆಗಸ್ಟಲ್ಲಿ ಸುಪ್ರೀಂ ಕೋರ್ಟು ಚೆನ್ನೈನ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಬೇರೆಯವರ ನೆಮ್ಮದಿ ಕೆಡಿಸಿ, ಧ್ವನಿವರ್ಧಕ ಹಾಕಿ, ಡ್ರಮ್ ಬಾರಿಸಿ ಪ್ರಾರ್ಥಿಸಿ ಅಂತ ಯಾವ ಧರ್ಮವೂ ಹೇಳಲ್ಲ ಅನ್ನೋದು ಅದರ ಸಾರ. ದೂರು ಕೊಟ್ಟವರು ಬಡಾವಣೆಯ ನಿವಾಸಿಗಳು. ಅಪೀಲು ಹೋಗಿ ಸೋತದ್ದು ಯಾರು? ಚರ್ಚ್ ಆಫ್ ಗಾಡ್, ಫುಲ್ ಗಾಸ್ಪೆಲ್. ನಮ್ಮದೇ ಪೆಂತೆಕೊಸ್ತ ಸಭೆ. ಈ ದೇಶದಲ್ಲಿ ಶಬ್ದದ ಬಗ್ಗೆ ಯಾವ ಲಾಯರು ವಾದ ಮಾಡಿದ್ರೂ ನಮ್ಮವರ ಹೆಸರಿನ ಆ ಕೇಸು ಎತ್ತಿ ತೋರಿಸ್ತಾರೆ. ನೆರೆಯವರನ್ನ ಪ್ರೀತಿಸು ಅಂತ ಸಾರೋ ಜನಕ್ಕೆ ಅದನ್ನ ಕೋರ್ಟು ನೆನಪಿಸಬೇಕಾಯ್ತು.

ಈಗ ಮತ್ತೆ ಧರ್ಮೋಪದೇಶಕಾಂಡಕ್ಕೆ. 26ನೇ ವಚನದ ಕೊನೆಯಲ್ಲಿ "ನೀನು" ಒಬ್ಬನೇ ಇಲ್ಲ, ನಿನ್ನ ಮನೆಯವರೂ ಇದ್ದಾರೆ. 27ರಲ್ಲಿ ಲೇವಿಯ. 29ರಲ್ಲಿ ಪರದೇಶಿ, ತಾಯಿತಂದೆ ಇಲ್ಲದವರು, ವಿಧವೆ. ಇಷ್ಟಪಟ್ಟು ಕೊಂಡ ಊಟದ ಪಂಕ್ತಿ ಉದ್ದ ಆಗ್ತಾ ಹೋಗುತ್ತೆ. ಈ ಒಂದು ವಿಷಯದಲ್ಲಿ ಸ್ಪೀಕರ್ ಪರವಾಗಿ ನಾನು ಮಾತಾಡ್ತೀನಿ. ಹೆಡ್‌ಫೋನ್ ಒಬ್ಬರ ಊಟ. ಸ್ಪೀಕರ್ ಹಚ್ಚಿದ್ರೆ ರೂಮಲ್ಲಿ ಇರೋರಿಗೆಲ್ಲಾ ಬಡಿಸಿದ ಹಾಗೆ. 1970ರಿಂದ ಫೆಬಾ ರೇಡಿಯೋ ಸೀಶೆಲ್ಸ್ ದ್ವೀಪದಿಂದ ಶಾರ್ಟ್‌ವೇವಲ್ಲಿ ನಮ್ಮ ಭಾಷೆಗಳಲ್ಲಿ ಸುವಾರ್ತೆ ಪ್ರಸಾರ ಮಾಡ್ತಿತ್ತು. ಗಾಸ್ಪೆಲ್ ರೆಕಾರ್ಡಿಂಗ್ಸ್‌ನವರು ಕೈಯಿಂದ ತಿರುಗಿಸೋ ರಟ್ಟಿನ ಪ್ಲೇಯರನ್ನೇ ಮಾಡಿ ಹಂಚಿದ್ರು, ಕರೆಂಟಿಲ್ಲದ ಊರುಗಳಿಗೆ ಅಂತ. ಶಾರ್ಟ್‌ವೇವ್ ಧ್ವನಿ ಅಲೆಅಲೆಯಾಗಿ ಬರ್ತಿತ್ತು, ಕರಕರ ಅಂತಿತ್ತು. ಒಂದು ಪೆಟ್ಟಿಗೆ ಸುತ್ತ ಇಡೀ ಮನೆ ಕೂತು ಕೇಳ್ತಿತ್ತು. ಅವನನ್ನ ನಾನು ಕೇಳಿದ್ದು ಇದೇ: ನಿನ್ನ ಹಾಲಲ್ಲಿ ಯಾರು ಕೂರ್ತಾರೆ? ಊರಿಂದ ಅಮ್ಮ ಬಂದಾಗ ಆ ಸ್ಪೀಕರಿನ ಬೆಲೆ ಅವರಿಗೆ ಹೇಳೋಕೆ ನಿನಗೆ ಆಗುತ್ತಾ?

ನನ್ನ ಅಭಿಪ್ರಾಯ ಮುಚ್ಚಿಡಲಿಲ್ಲ. ಮೊದಲು ಅಪ್ಪನ ಸಾಲ. ಆಮೇಲೆ ಕೈಯಲ್ಲಿರೋ ದುಡ್ಡಲ್ಲಿ, ರೂಮಿಗೆ ತಕ್ಕದ್ದು. ಆಗ ಅದು 1,60,000ದ್ದೇ ಆಗಿದ್ರೂ ನಾನು ಬಂದು ಕೂತು ಒಂದು ಕಾಫಿ ಕುಡಿದು ಕೇಳಿಕೊಂಡು ಹೋಗ್ತೀನಿ, ಮುಖ ಸಿಂಡರಿಸಲ್ಲ. ತೀರ್ಮಾನ ಅವನದು. ಇನ್ನೂ ಪ್ರಾರ್ಥನೆ ಮಾಡ್ತಿದ್ದಾನೆ, ಅವಸರ ಮಾಡಿ ಅವನನ್ನ ಕೇಳಬೇಡಿ.

ಪ್ರಶ್ನೆ ಇದ್ರೆ ಕೇಳಿ. ಹಾ, ಹೇಳಮ್ಮ. ಸೆಕೆಂಡ್ ಹ್ಯಾಂಡ್ ತಗೋಬಹುದಾ? ಧಾರಾಳವಾಗಿ. ಒಳ್ಳೇ ಸ್ಪೀಕರ್ ಸರಿಯಾಗಿ ಬಳಸಿದ್ರೆ ಹತ್ತಿಪ್ಪತ್ತು ವರ್ಷ ಬಾಳುತ್ತೆ. ಕೋನ್ ಸುತ್ತ ಇರೋ ಫೋಮ್ ಅಥವಾ ರಬ್ಬರ್ ಬಿರುಕು ಬಿಟ್ಟಿದೆಯಾ ನೋಡಿ, ನಿಮಗೆ ಚೆನ್ನಾಗಿ ಗೊತ್ತಿರೋ ಒಂದು ಹಾಡನ್ನ ಸಣ್ಣ ವಾಲ್ಯೂಮಲ್ಲಿ ಕೇಳಿ, ಆಮೇಲೆ ದುಡ್ಡು ಕೊಡಿ.

ಇನ್ನೊಬ್ಬರು? ದಶಮಭಾಗ ಕೊಟ್ಟಾದ್ಮೇಲೆ ಉಳಿದ ತೊಂಬತ್ತು ಪರ್ಸೆಂಟ್ ನನ್ನದೇ ಅಲ್ವಾ ಅಂತ. ಅದಕ್ಕೆ ಪಕ್ಕದ ಪುಟ ತಿರುಗಿಸಿ. ಮುಂದಿನ ಶನಿವಾರ ಧರ್ಮೋಪದೇಶಕಾಂಡ 15, ಒಂದರಿಂದ ಹನ್ನೊಂದನೇ ವಚನ ಓದಿಕೊಂಡು ಬನ್ನಿ. ಏಳು ವರ್ಷಕ್ಕೊಮ್ಮೆ ಸಾಲ ಬಿಟ್ಟುಕೊಡೋ ವಿಷಯ ಇದೆ. ಸಾಲ ಕೊಟ್ಟವರೂ ಬನ್ನಿ, ತಗೊಂಡವರೂ ಬನ್ನಿ. ಈಗ ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.