ಥ್ರಿಲ್ಲರ್ ಓದೋಕೆ ಮೂರು ಡಬ್ಬಿ

ಗೆಳೆಯರೇ, ಈ ಸಲದ ಸೆಮಿಸ್ಟರ್ ರಜೆಯಲ್ಲಿ ನಾನು ಮೂರು ಕನ್ನಡ ಕಾದಂಬರಿ ಓದಿ ಮುಗಿಸಿದೆ. ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’ ಮತ್ತು ‘ಕರಿಸಿರಿಯಾನ’, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. ಮೊದಲೆರಡು ಇತಿಹಾಸದ ಥ್ರಿಲ್ಲರ್. ಮೂರನೆಯದು ಮಲೆನಾಡಿನ ಕಾಡಲ್ಲಿ ನಡೆಯೋ ವಿಜ್ಞಾನದ ಸಾಹಸ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದವರಿಗೆ ಕನ್ನಡದ ಒಂದು ಇಡೀ ಪುಸ್ತಕ ಅಂದ್ರೆ ಎಷ್ಟು ಉದ್ದದ ದಾರಿ ಅಂತ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು. ಶುರುವಿನ ಪುಟಗಳಲ್ಲಿ ಒತ್ತಕ್ಷರ ಬಿಡಿಸಿಕೊಳ್ಳೋದೇ ಒಂದು ಕೆಲಸ. ಆದ್ರೂ ಮೂರೂ ಮುಗಿದವು, ಯಾಕಂದ್ರೆ ‘ಮುಂದೇನು?’ ಅನ್ನೋ ಪ್ರಶ್ನೆ ಪುಸ್ತಕ ಕೆಳಗಿಡೋಕೆ ಬಿಡಲಿಲ್ಲ.

‘ಇವೆಲ್ಲಾ ಟೈಂಪಾಸ್, ಸಾಹಿತ್ಯ ಅಲ್ಲ’ ಅನ್ನೋ ಮಾತು ಇಂಥ ಪುಸ್ತಕಗಳ ಬಗ್ಗೆ ಯಾವಾಗಲೂ ಇದೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ಕಾಲದಿಂದಲೂ ಇದೆ. ಆ ವಾದಕ್ಕೆ ಇಲ್ಲಿ ಉತ್ತರ ಕೊಡಲ್ಲ. ಬದಲಿಗೆ, ಈ ಪುಸ್ತಕಗಳನ್ನು ಓದುವಾಗ ನಾನು ಕಂಡುಕೊಂಡ ಒಂದು ವಿಧಾನ ಹೇಳ್ತೀನಿ. ಎಂಜಿನಿಯರಿಂಗ್ ಓದ್ತಿರೋ ನಮಗೆ ಇದು ಹೊಸದಲ್ಲ, ಪ್ರತಿ ವಾರ ಲ್ಯಾಬಿನಲ್ಲಿ ಮಾಡೋದೇ.

ಮೂರು ಡಬ್ಬಿ ಅಂದ್ರೆ ಏನು?

ಲ್ಯಾಬ್ ರೆಕಾರ್ಡಿನಲ್ಲಿ ಮೀಟರ್ ತೋರಿಸಿದ ರೀಡಿಂಗ್ ಒಂದು ಕಡೆ ಬರೀತೀವಿ, ಅದರಿಂದ ನಾವು ತೆಗೆದ ತೀರ್ಮಾನ ಇನ್ನೊಂದು ಕಡೆ. ಎರಡನ್ನೂ ಕಲಸಿ ಬರೆದರೆ ವೈವಾದಲ್ಲಿ ಸಿಕ್ಕಿಬೀಳ್ತೀವಿ. ಇತಿಹಾಸದ ಥ್ರಿಲ್ಲರ್ ಓದುವಾಗಲೂ ನೋಟ್‌ಬುಕ್ಕಿನಲ್ಲಿ ಮೂರು ಡಬ್ಬಿ ಎಳೆದುಕೊಳ್ಳಿ.

ಒಂದನೇ ಡಬ್ಬಿ ಪುರಾವೆ. ಹೋಗಿ ನೋಡಬಹುದಾದ ಕಲ್ಲು, ತೆಗೆದು ಓದಬಹುದಾದ ಬರಹ, ಅಳೆಯಬಹುದಾದ ವಸ್ತು.

ಎರಡನೇ ಡಬ್ಬಿ ಊಹೆ. ಪುರಾವೆ ಇಟ್ಟುಕೊಂಡು ಓದಿದವರು ಮಾಡುವ ತರ್ಕ. ಸರಿ ಇರಬಹುದು, ತಪ್ಪೂ ಇರಬಹುದು, ವಾದ ಮಾಡಬಹುದು.

ಮೂರನೇ ಡಬ್ಬಿ ಕಲ್ಪನೆ. ಕಥೆಗಾಗಿ ಲೇಖಕರು ಹುಟ್ಟಿಸಿದ್ದು. ಇದಕ್ಕೆ ಪುರಾವೆ ಕೇಳೋ ಹಾಗಿಲ್ಲ, ಅದು ಚೆನ್ನಾಗಿದೆಯಾ ಇಲ್ವಾ ಅಂತ ಮಾತ್ರ ಕೇಳಬೇಕು.

ಒಳ್ಳೆ ಥ್ರಿಲ್ಲರ್ ಈ ಮೂರನ್ನೂ ಹೊಲಿಗೆ ಕಾಣದ ಹಾಗೆ ಜೋಡಿಸುತ್ತೆ. ಆ ಹೊಲಿಗೆ ಹುಡುಕೋದು ಓದುಗನ ಆಟ.

ಕನಕ ಮುಸುಕು: ಕಲ್ಲಿನ ಕೈಯಲ್ಲಿ ಜೋಳ

ಗಣೇಶಯ್ಯನವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ವಿಜ್ಞಾನಿ. ಕಥೆ ಬರೆದರೂ ಆಧಾರಗಳನ್ನು ಕೊಡೋ ಅಭ್ಯಾಸ ಅವರಿಗಿದೆ. ‘ಕನಕ ಮುಸುಕು’ ಹೊರಡೋದು ನಿಜವಾದ ಒಂದು ಜಗಳದಿಂದ. ಹೊಯ್ಸಳರ ಕಾಲದ ದೇವಸ್ಥಾನಗಳಲ್ಲಿ, ಉದಾಹರಣೆಗೆ ಸೋಮನಾಥಪುರದಲ್ಲಿ, ಕೆಲವು ಶಿಲ್ಪಗಳ ಕೈಯಲ್ಲಿ ಕಾಳು ಕಾಳಾಗಿ ಕೆತ್ತಿದ ಉದ್ದನೆ ವಸ್ತು ಇದೆ. ನೋಡಿದರೆ ಮುಸುಕಿನ ಜೋಳದ ತೆನೆ, ನಮ್ಮ ಕಡೆ ಹೇಳೋ ಮೆಕ್ಕೆಜೋಳ. ದೇವಸ್ಥಾನ 13ನೇ ಶತಮಾನದ್ದು. ಮೆಕ್ಕೆಜೋಳ ಅಮೆರಿಕ ಖಂಡದ ಬೆಳೆ, 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದ ಮೇಲೇ ಉಳಿದ ಜಗತ್ತಿಗೆ ಬಂತು ಅಂತ ನಾವು ಓದಿರೋದು. ಹಾಗಿದ್ರೆ ಶಿಲ್ಪಿ ಅದನ್ನು ಎಲ್ಲಿ ನೋಡಿದ?

1989ರಲ್ಲಿ ಕಾರ್ಲ್ ಜೊಹಾನ್ಸೆನ್ ಮತ್ತು ಆನ್ ಪಾರ್ಕರ್ ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ ಇದು ಮೆಕ್ಕೆಜೋಳವೇ ಅಂತ ವಾದಿಸಿದರು. 1993ರಲ್ಲಿ ಅದೇ ಪತ್ರಿಕೆಯಲ್ಲಿ ಭಾರತದ ಪಾಯಕ್ ಮತ್ತು ಸಚಾನ್ ಅಲ್ಲ ಅಂತ ಬರೆದರು. ಅದು ಜೋಳವಲ್ಲ, ಮುತ್ತಿನಿಂದ ಮಾಡಿದ ಕಾಲ್ಪನಿಕ ಹಣ್ಣು, ಮುಕ್ತಾಫಲ ಅನ್ನೋ ವಾದವೂ ಇದೆ.

ಡಬ್ಬಿಗೆ ಹಾಕೋಣ. ಶಿಲ್ಪ ಇರೋದು ಒಂದನೇ ಡಬ್ಬಿ. ‘ಅದು ಮೆಕ್ಕೆಜೋಳ’, ‘ಅದು ಮುಕ್ತಾಫಲ’ ಎರಡೂ ಎರಡನೇ ಡಬ್ಬಿ. ಕಾದಂಬರಿಯ ಓಡಾಟ, ಅಪಾಯ, ಗುಟ್ಟು ಎಲ್ಲಾ ಮೂರನೇ ಡಬ್ಬಿ. ನನಗೆ ಇಷ್ಟವಾಗಿದ್ದು ಎರಡನೇ ಡಬ್ಬಿಯಲ್ಲಿರೋ ಜಗಳವನ್ನೇ ಎಂಜಿನ್ ಮಾಡಿಕೊಂಡಿದ್ದು. ಇಷ್ಟವಾಗದಿದ್ದು, ಪಾತ್ರಗಳು ಒಬ್ಬರಿಗೊಬ್ಬರು ಪಾಠ ಮಾಡೋ ಹಾಗೆ ಮಾತಾಡೋದು. ಕೆಲವು ಪುಟ ಕ್ಲಾಸಿನಲ್ಲಿ ಕೂತ ಹಾಗೇ ಅನ್ನಿಸುತ್ತೆ.

ಕರಿಸಿರಿಯಾನ: ಆನೆಗಳ ಲೆಕ್ಕ

ಕರಿ ಅಂದ್ರೆ ಆನೆ, ಸಿರಿ ಅಂದ್ರೆ ಸಂಪತ್ತು, ಯಾನ ಅಂದ್ರೆ ಪಯಣ. 1565ರ ಜನವರಿಯಲ್ಲಿ ತಾಳಿಕೋಟೆ ಕದನ, ರಕ್ಕಸಗಿ-ತಂಗಡಗಿ ಕದನ ಅಂತಲೂ ಹೇಳ್ತಾರೆ. ಅಳಿಯ ರಾಮರಾಯ ಸತ್ತ. ಅವನ ತಮ್ಮ ತಿರುಮಲ ವಿಜಯನಗರದಿಂದ ಸಂಪತ್ತು ಹೇರಿಕೊಂಡು ಪೆನುಕೊಂಡೆಯ ಕಡೆ ಹೊರಟ. ಆ ಸಂಪತ್ತು ಏನಾಯ್ತು ಅನ್ನೋದು ಕಾದಂಬರಿಯ ಪ್ರಶ್ನೆ. ಕೊನೆ ನಾನು ಹೇಳಲ್ಲ.

ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಲ್ಲಿ ಆನೆಗಳ ಸಂಖ್ಯೆ ಇದೆ: 550. ಚಿನ್ನ, ವಜ್ರ, ರತ್ನ ಹೊತ್ತ 550 ಆನೆ. ಇದನ್ನು ಓದಿದ ಮೇಲೆ ಲೆಕ್ಕ ಹಾಕದೆ ಇರೋಕೆ ಆಗಲಿಲ್ಲ.

ಒಂದು ಆನೆ 400 ಕೆಜಿ ಹೊತ್ತಿತು ಅಂತ ಇಟ್ಟುಕೊಳ್ಳೋಣ. ಎಲ್ಲಾ ಚಿನ್ನವೇ ಅಂತಲೂ ಇಟ್ಟುಕೊಳ್ಳೋಣ. ಇವೆರಡೂ ನನ್ನ ಅಂದಾಜು. 550 × 400 = 2,20,000 ಕೆಜಿ, ಅಂದ್ರೆ 220 ಟನ್. ಚಿನ್ನದ ಸಾಂದ್ರತೆ ಘನ ಮೀಟರಿಗೆ 19,300 ಕೆಜಿ. ಭಾಗಿಸಿದರೆ ಸುಮಾರು 11.4 ಘನ ಮೀಟರ್. ಘನಮೂಲ ತೆಗೆದರೆ 2.25 ಮೀಟರ್.

ಅಂದ್ರೆ 550 ಆನೆಯ ಚಿನ್ನವನ್ನು ಕರಗಿಸಿ ಒಂದೇ ಗಟ್ಟಿ ಮಾಡಿದರೆ ಉದ್ದ, ಅಗಲ, ಎತ್ತರ ಎಲ್ಲಾ ಎರಡೂಕಾಲು ಮೀಟರ್. ಹಾಸ್ಟೆಲ್ ರೂಮಿನ ಅರ್ಧವೂ ತುಂಬಲ್ಲ! ಇಷ್ಟು ದೊಡ್ಡ ಸಂಪತ್ತನ್ನು ಗೊತ್ತಾಗದ ಹಾಗೆ ಬಚ್ಚಿಡೋಕೆ ಆಗುತ್ತಾ ಅಂತ ಓದುವಾಗ ಅನುಮಾನ ಬಂದಿತ್ತು. ಜಾಗದ ಮಟ್ಟಿಗೆ ನೋಡಿದರೆ, ಆಗುತ್ತೆ.

ಈಗ ಇನ್ನೊಂದು ಕಡೆಯಿಂದ ನೋಡಿ. ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿ, ಇವತ್ತಿನ ಯಂತ್ರಗಳಿದ್ದೂ, ವರ್ಷಕ್ಕೆ ತೆಗೆಯೋದು ಎರಡು ಟನ್ನಿನ ಒಳಗೆ. 220 ಟನ್ ಅಂದ್ರೆ ಹಟ್ಟಿಯ ನೂರು ವರ್ಷಕ್ಕೂ ಜಾಸ್ತಿ ದುಡಿಮೆ. ಹಾಗಾಗಿ ಎಲ್ಲಾ ಆನೆಯ ಮೇಲೂ ಚಿನ್ನವೇ ಇತ್ತು ಅನ್ನೋದು ನನಗೆ ನಂಬಿಕೆ ಬರಲ್ಲ. ಬಟ್ಟೆ, ಪಾತ್ರೆ, ಆಯುಧ, ಊಟದ ಸಾಮಾನು ಕೂಡ ಇದ್ದಿರಬಹುದು, ಅಥವಾ ಸಂಖ್ಯೆಯೇ ಉಬ್ಬಿರಬಹುದು. ಸಿವೆಲ್ ಬರೆದಿದ್ದು ಘಟನೆ ನಡೆದು 335 ವರ್ಷ ಆದ ಮೇಲೆ, ಹಿಂದಿನವರ ಬರಹ ಇಟ್ಟುಕೊಂಡು.

ಕದನ ಮತ್ತು ಪಲಾಯನ ಒಂದನೇ ಡಬ್ಬಿ. 550 ಅನ್ನೋ ಸಂಖ್ಯೆ ಪುಸ್ತಕದಲ್ಲಿ ಇದ್ದರೂ ನಾನು ಎರಡನೇ ಡಬ್ಬಿಗೇ ಹಾಕ್ತೀನಿ. ಅಚ್ಚಾಗಿದೆ ಅನ್ನೋ ಒಂದೇ ಕಾರಣಕ್ಕೆ ಒಂದನೇ ಡಬ್ಬಿಗೆ ಹಾಕಬಾರದು. ಈ ಲೆಕ್ಕ ಮಾಡಿದ ಮೇಲೆ ಕಾದಂಬರಿಯ ಮಜಾ ಕಡಿಮೆ ಆಗಲಿಲ್ಲ. ಆನೆಗಳ ಮೇಲೆ ಏನೇನಿತ್ತು ಅಂತ ಯೋಚಿಸಿಕೊಂಡು ಆ ಅಧ್ಯಾಯಗಳನ್ನು ಇನ್ನೊಂದು ಸಲ ಓದಿದೆ.

ಮಸ್ಕಿ: ಡಬ್ಬಿ ಬದಲಾದ ಕಥೆ

ಊಹೆ ಯಾವತ್ತೂ ಊಹೆಯಾಗೇ ಉಳಿಯುತ್ತಾ? ಇಲ್ಲ. ಇದಕ್ಕೆ ನನಗೆ ಗೊತ್ತಿರೋ ಒಳ್ಳೆ ಉದಾಹರಣೆ ಮಸ್ಕಿ. ನಮ್ಮ ತುರ್ವಿಹಾಳದಿಂದ ದೂರವೇನಲ್ಲ.

1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದ. ದೇಶದ ಬೇರೆ ಬೇರೆ ಕಡೆ ಬಂಡೆ, ಕಂಬಗಳ ಮೇಲೆ ಒಬ್ಬ ರಾಜ ಮಾತಾಡ್ತಿದ್ದ. ಆದರೆ ಆ ರಾಜ ತನ್ನನ್ನು ಕರೆದುಕೊಂಡಿದ್ದು ದೇವಾನಾಂಪಿಯ, ಪಿಯದಸಿ ಅಂತ. ಯಾರಿವನು? ಶ್ರೀಲಂಕಾದ ಪಾಲಿ ಗ್ರಂಥಗಳನ್ನು ಓದಿದ್ದ ಜಾರ್ಜ್ ಟರ್ನರ್, ಪಿಯದಸಿ ಅಂದ್ರೆ ಅಶೋಕ ಅಂತ ತೋರಿಸಿದ. ತರ್ಕ ಗಟ್ಟಿ ಇತ್ತು, ಆದರೆ ಅದು ಗ್ರಂಥದ ಮಾತು. ಅಶೋಕ ಅನ್ನೋ ಹೆಸರು ಅಲ್ಲಿಯವರೆಗೆ ಸಿಕ್ಕಿದ್ದ ಆ ರಾಜನ ಯಾವ ಶಾಸನದಲ್ಲೂ ಇರಲಿಲ್ಲ.

1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್ ಮಸ್ಕಿಯ ಬಂಡೆ ಮೇಲೆ ಬ್ರಾಹ್ಮಿ ಅಕ್ಷರ ಕಂಡ. ಆಗ ನಮ್ಮ ಭಾಗ ಹೈದರಾಬಾದ್ ನಿಜಾಮರದ್ದು. ಎಚ್. ಕೃಷ್ಣಶಾಸ್ತ್ರಿ ಆ ಶಾಸನ ಓದಿ ಅದೇ ವರ್ಷ ಪ್ರಕಟಿಸಿದರು. ಅದರಲ್ಲಿ ದೇವಾನಾಂಪಿಯನ ಜೊತೆಗೇ ಅಶೋಕ ಅನ್ನೋ ಹೆಸರಿತ್ತು. 1837ರಿಂದ 1915ರವರೆಗೆ, 78 ವರ್ಷ, ಎರಡನೇ ಡಬ್ಬಿಯಲ್ಲಿದ್ದ ಮಾತು ಒಂದು ಬಂಡೆಯಿಂದ ಒಂದನೇ ಡಬ್ಬಿಗೆ ಬಂತು. ಆಮೇಲೆ ನಿಟ್ಟೂರು, ಉಡೇಗೊಳದ ಶಾಸನಗಳಲ್ಲೂ ಆ ಹೆಸರು ಸಿಕ್ಕಿತು. ಥ್ರಿಲ್ಲರ್ ಕ್ಲೈಮ್ಯಾಕ್ಸ್ ಅಂದ್ರೆ ನನಗೆ ಇದು.

ಎಲ್ಲಾ ಊಹೆಗೂ ಹೀಗೆ ಬಂಡೆ ಸಿಗಲ್ಲ. ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ ಸುವರ್ಣಗಿರಿ ಅನ್ನೋ ಊರಿನ ಹೆಸರಿದೆ, ಅದು ಒಂದನೇ ಡಬ್ಬಿ. ಆ ಊರು ಎಲ್ಲಿ? ಮಸ್ಕಿ ಅಂತ ಕೆಲವರು, ಕೊಪ್ಪಳ ಜಿಲ್ಲೆಯ ಕನಕಗಿರಿ ಅಂತ ಕೆಲವರು, ಆಂಧ್ರದ ಜೊನ್ನಗಿರಿ ಅಂತ ಇನ್ನು ಕೆಲವರು. ಕನಕ, ಸುವರ್ಣ ಎರಡಕ್ಕೂ ಅರ್ಥ ಒಂದೇ, ಸುತ್ತಲೂ ಹಳೇ ಚಿನ್ನದ ಗಣಿಗಳ ಗುರುತಿದೆ. ಆದರೂ ಇದು ಇವತ್ತಿಗೂ ಎರಡನೇ ಡಬ್ಬಿಯಲ್ಲೇ ಇದೆ.

ಕರ್ವಾಲೊ: ಹಾರುವ ಓತಿ

ಈ ವಿಧಾನ ಇತಿಹಾಸಕ್ಕೆ ಮಾತ್ರವಾ ಅಂತ ನೋಡೋಕೆ 1980ರಲ್ಲಿ ಬಂದ ‘ಕರ್ವಾಲೊ’ ಮೇಲೆ ಪ್ರಯೋಗ ಮಾಡಿದೆ. ಹಾರುವ ಓತಿ ನಿಜ, ಪಶ್ಚಿಮ ಘಟ್ಟದಲ್ಲಿ ಇದೆ. ಪಕ್ಕೆಯ ಚರ್ಮ ಬಿಚ್ಚಿ ಮರದಿಂದ ಮರಕ್ಕೆ ತೇಲಿಕೊಂಡು ಹೋಗುತ್ತೆ. ಅದು ವಿಕಾಸದ ಬಗ್ಗೆ ಏನು ಹೇಳುತ್ತೆ ಅನ್ನೋದು ಎರಡನೇ ಡಬ್ಬಿ. ವಿಜ್ಞಾನಿ ಕರ್ವಾಲೊ, ಮಂದಣ್ಣ, ಆ ಹುಡುಕಾಟ ಮೂರನೇ ಡಬ್ಬಿ.

ಇಲ್ಲಿ ಮೂರನೇ ಡಬ್ಬಿಯೇ ಗೆದ್ದಿದೆ. ಊರವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದ ಜೇನು ಹುಡುಗ. ಕರ್ವಾಲೊ ಕಣ್ಣಿಗೆ ಅವನು ಕಾಡನ್ನು ಸರಿಯಾಗಿ ನೋಡಬಲ್ಲವನು. ಡಿಗ್ರಿ ಇಲ್ಲದವನ ಕಣ್ಣಿಗೆ ಬಿದ್ದಿದ್ದೂ ಪುರಾವೆಯೇ ಅಂತ ತೇಜಸ್ವಿ ಭಾಷಣ ಮಾಡದೆ ತೋರಿಸ್ತಾರೆ. ಗಣೇಶಯ್ಯನವರಲ್ಲಿ ನನಗೆ ಕಡಿಮೆ ಅನ್ನಿಸಿದ್ದು ಇದೇ. ಅವರ ಒಗಟು ನೆನಪಿರುತ್ತೆ, ಇವರ ಮನುಷ್ಯರು ನೆನಪಿರ್ತಾರೆ.

ಇದೆಲ್ಲಾ ಯಾಕೆ ಬೇಕು?

ಕಥೆ ಕಥೆಯಾಗಿ ಓದಿದರೆ ಸಾಲದಾ ಅಂತ ಕೇಳಬಹುದು. ಸಾಲಲ್ಲ, ಯಾಕಂದ್ರೆ ಮೂರನೇ ಡಬ್ಬಿಯದನ್ನು ಒಂದನೇ ಡಬ್ಬಿಗೆ ಹಾಕೋರು ನಮ್ಮ ಕಡೆ ಹಾರೆ, ಗುದ್ದಲಿ ಹಿಡಿದು ಹೊರಡ್ತಾರೆ. ನಿಧಿ ಆಸೆಗೆ ಹಳೇ ಗುಡಿಯ ಗರ್ಭಗುಡಿ ಅಗೆಯೋದು, ಲಿಂಗ ಕಿತ್ತು ಪಕ್ಕಕ್ಕೆ ಹಾಕೋದು, ವೀರಗಲ್ಲು ಉರುಳಿಸೋದು ಉತ್ತರ ಕರ್ನಾಟಕದಲ್ಲಿ ಹೊಸ ಸುದ್ದಿಯಲ್ಲ. ಹಾಗೆ ಒಡೆದ ಕಲ್ಲು ಇನ್ನೊಂದು ಮಸ್ಕಿ ಶಾಸನ ಆಗಿದ್ದರೆ? ಇಲ್ಲದ ಚಿನ್ನಕ್ಕಾಗಿ ಇದ್ದ ಅಕ್ಷರ ಹೋಗುತ್ತೆ. ಬೀಡನ್ ಗಣಿಯವನಾದರೂ ಬಂಡೆಯನ್ನು ಒಡೆಯಲಿಲ್ಲ, ಅದರ ಮೇಲಿನ ಬರಹ ನೋಡಿದ. ಹಾಗಾಗಿ ಅಶೋಕನ ಹೆಸರು ಉಳೀತು.

ವಾಟ್ಸಾಪಿನಲ್ಲಿ ಬರೋ ‘ನಿಮಗೆ ಗೊತ್ತೇ? ನಮ್ಮ ಪೂರ್ವಜರು…’ ಅನ್ನೋ ಫಾರ್ವರ್ಡಿಗೂ ಇದೇ ಮಾತು. ಅದನ್ನು ಡಿಲೀಟ್ ಮಾಡೋದಕ್ಕಿಂತ ಡಬ್ಬಿಗೆ ಹಾಕಿ ನೋಡೋದು ಒಳ್ಳೆಯದು. ಒಳಗೆ ಒಂದು ಸಾಲು ನಿಜ ಇದ್ದರೂ ಇರಬಹುದು.

ನಿಮಗೊಂದು ಹೋಂವರ್ಕ್

ಲಿಂಗಸುಗೂರು ತಾಲ್ಲೂಕಿನ ಮುದಗಲ್ ಕೋಟೆ ನೀವು ನೋಡಿರಬಹುದು. ಆ ಊರಿನ ಅಕ್ಕಸಾಲಿಗನ ಮಗಳೊಬ್ಬಳ ಚೆಲುವು ಕೇಳಿ ಒಂದನೇ ದೇವರಾಯ ಅವಳಿಗಾಗಿ ಸೈನ್ಯ ಕಳಿಸಿದ, ಅವಳ ಮನೆಯವರು ಅಷ್ಟರಲ್ಲಿ ಊರು ಬಿಟ್ಟಿದ್ದರು, ಕೊನೆಗೆ ಬಹಮನಿ ಸುಲ್ತಾನ ಫಿರೋಜ್ ಷಾನ ಜೊತೆ ಯುದ್ಧವೇ ಆಯ್ತು ಅಂತ ಕಥೆ ಇದೆ. ಯುದ್ಧ 1406ರದ್ದು. ಕಥೆ ಬರೆದವನು ಫೆರಿಷ್ತಾ, ಸುಮಾರು ಇನ್ನೂರು ವರ್ಷ ಆದ ಮೇಲೆ, ಬಿಜಾಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ ಕೂತು.

ಮೂರು ಪ್ರಶ್ನೆ. ಇದರಲ್ಲಿ ಒಂದನೇ ಡಬ್ಬಿಗೆ ಯಾವುದು ಹೋಗುತ್ತೆ? ಬರೆದವನು ಯಾರ ಆಸ್ಥಾನದಲ್ಲಿದ್ದ ಅನ್ನೋದರಿಂದ ಕಥೆಯ ಬಣ್ಣ ಬದಲಾಗಿರಬಹುದಾ? ಇದನ್ನು ನೀವು ಕಾದಂಬರಿ ಮಾಡಿದರೆ ಯಾರ ಕಣ್ಣಿಂದ ಹೇಳ್ತೀರಿ: ರಾಜನದ್ದಾ, ಸುಲ್ತಾನನದ್ದಾ, ಆ ಹುಡುಗಿಯದ್ದಾ?

ನಿಮ್ಮ ಮೂರು ಡಬ್ಬಿ ತುಂಬಿಕೊಂಡು ಕ್ಲಬ್ಬಿನ ಮುಂದಿನ ಸಭೆಗೆ ಬನ್ನಿ. ಮೇಲಿನ ಪುಸ್ತಕಗಳಲ್ಲಿ ಯಾವುದು ಬೇಕಾದರೂ ನನ್ನ ಹತ್ತಿರ ಕೇಳಿ. ಓದಿ ವಾಪಸ್ ಕೊಟ್ಟರೆ ಸಾಕು.