ನಿಂತ ಗಾಡಿ, ಟ್ಯಾಂಕಿನ ಹಳೆಯ ಪೆಟ್ರೋಲು



ಹತ್ತಿ ಬಿಡಿಸಿ, ತೊಗರಿ ರಾಶಿ ಮುಗಿದ ಮೇಲೆ ನಾರಾಯಣಪೇಟೆ, ಮಕ್ತಲ್ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಮುಂಬಯಿ, ಪುಣೆ, ಹೈದರಾಬಾದ್ ಎಂದು ಗುಳೆ ಹೋದವರು ಮರಳುವುದು ಮುಂಗಾರಿನ ಹೊತ್ತಿಗೆ. ಜುರಾಲಾ ಕಾಲುವೆಯ ನೀರು ಬರುವ ಗದ್ವಾಲ ಸೀಮೆಯಲ್ಲೂ ಹೀಗೆ ಹೋಗುವ ಮನೆಗಳುಂಟು. ಅಷ್ಟು ತಿಂಗಳು ಮೋಟಾರ್ ಸೈಕಲ್ಲು ತಗಡಿನ ಚಪ್ಪರದ ಕೆಳಗೆ ಬಿಸಿಲಲ್ಲಿ ಬೇಯುತ್ತಾ ನಿಂತಿರುತ್ತದೆ. ಬೀಜ ತರಲು ಹೊರಟಾಗ ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ. ಪ್ಲಗ್ ಬದಲಿಸುತ್ತಾರೆ, ಬ್ಯಾಟರಿ ಬದಲಿಸುತ್ತಾರೆ, ದುಡ್ಡು ಹೋಗುತ್ತದೆ. ದೋಷ ಬಹಳ ಸಲ ಪೆಟ್ರೋಲಿನಲ್ಲೇ ಇರುತ್ತದೆ.

ಪೆಟ್ರೋಲು ಕಾಳಿನಂತೆ ಕೂಡಿಡುವ ವಸ್ತುವಲ್ಲ. ಬೇಗ ಹೊತ್ತಿಕೊಳ್ಳುವ ಹಗುರ ಭಾಗ ಮೊದಲು ಆರಿಹೋಗುತ್ತದೆ. ಉಳಿದದ್ದು ಗಾಳಿ ತಾಗಿ ಅಂಟಾಗಿ ಸೂಜಿಮೊನೆಯಷ್ಟು ಸಣ್ಣ ತೂತುಗಳನ್ನು ಮುಚ್ಚುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಕೂಡ ಉಂಟು. 2023ರಿಂದ ದೇಶದಲ್ಲಿ ನೂರಕ್ಕೆ 20 ಪಾಲು ಬೆರೆಸಿದ್ದು ಮಾರಾಟಕ್ಕೆ ಬರತೊಡಗಿತು. ಎಥೆನಾಲ್ ಎಂದರೆ ನಮ್ಮವರಿಗೆ ಚಿತ್ತನೂರಿನ ಕಾರ್ಖಾನೆಯ ಗಲಾಟೆ ನೆನಪಾದೀತು. ಆ ವಿಷಯ ಬೇರೆ. ಇಲ್ಲಿ ತಿಳಿಯಬೇಕಾದದ್ದು ಇಷ್ಟೇ: ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎರಡೂ ಕೂಡಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ತುಕ್ಕು ಹಿಡಿಸುತ್ತವೆ. ಹಳೆಯ ಗಾಡಿಯಲ್ಲಿ ಕಾಕನ್ನು ರಿಸರ್ವಿಗೆ ತಿರುಗಿಸಿದರೆ ಇಂಜಿನ್ನಿಗೆ ಹೋಗುವುದು ಆ ತಳದ ಕೊಳೆಯೇ.

ಹಾಗಾದರೆ ಮೊದಲು ಪರೀಕ್ಷೆ ಮಾಡೋಣ. ಸ್ವಲ್ಪ ಪೆಟ್ರೋಲನ್ನು ಗಾಜಿನ ಸೀಸೆಗೆ ಇಳಿಸಿ ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ನೀರು ಸೇರಿದೆ. ಕಂದು ಬಣ್ಣ, ವಾರ್ನಿಷ್ ವಾಸನೆ ಇದ್ದರೆ ಕೆಟ್ಟಿದೆ. ಅಂಥದ್ದನ್ನು ಪೂರ್ತಿ ತೆಗೆಯಬೇಕು.

ತೆಗೆಯುವ ರೀತಿಯಲ್ಲೇ ಅಪಾಯವಿದೆ. ಪೈಪಿಗೆ ಬಾಯಿ ಹಚ್ಚಿ ಎಳೆಯುವುದು ನಮ್ಮ ಊರುಗಳಲ್ಲಿ ಸಾಮಾನ್ಯ. ದಯವಿಟ್ಟು ಇದನ್ನು ಇಂದಿನಿಂದಲೇ ಬಿಡಿ. ಒಂದು ಗುಟುಕು ಶ್ವಾಸನಾಳಕ್ಕೆ ಹೋದರೆ ಸಾಕು, ಅದು ಶ್ವಾಸಕೋಶದಲ್ಲಿ ಹರಡಿ ನ್ಯುಮೋನಿಯಾ ತರುತ್ತದೆ. ಕೆಮ್ಮು, ಉಬ್ಬಸ, ಜ್ವರ ಕೆಲವು ಗಂಟೆಗಳ ನಂತರವೂ ಬರಬಹುದು. ಯಾರಾದರೂ ನುಂಗಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಹೊರಗೆ ಬರುವಾಗ ಮತ್ತೆ ಶ್ವಾಸಕೋಶಕ್ಕೆ ಇಳಿಯುತ್ತದೆ. 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಒಯ್ಯಿರಿ. ನೀರಿನ ಬಾಟಲಿಯಲ್ಲಿ ಪೆಟ್ರೋಲು ತುಂಬಿಡುವುದೂ ಬೇಡ, ಬಾಯಾರಿದ ಮಗುವಿಗೆ ಅದು ನೀರೇ.

ಸರಿಯಾದ ದಾರಿ ಸುಲಭ. ಒಲೆ, ದೀಪ, ಬೀಡಿ ಇಲ್ಲದ ಬಯಲಿನಲ್ಲಿ, ಇಂಜಿನ್ ತಣ್ಣಗಿರುವಾಗ, ಕಾಕಿನ ಕೆಳಗಿನ ಪೈಪು ಬಿಚ್ಚಿ ಡಬ್ಬಿಗೆ ಹಿಡಿದು ಕಾಕು ತೆರೆಯಿರಿ. ತಾನಾಗಿ ಇಳಿಯುತ್ತದೆ. ಆಮೇಲೆ ಕಾರ್ಬೊರೇಟರಿನ ಬಟ್ಟಲಿನ ಕೆಳಗಿರುವ ಸಣ್ಣ ಸ್ಕ್ರೂ ಸಡಿಲಿಸಿ ಅಲ್ಲಿ ನಿಂತದ್ದನ್ನೂ ಬಿಡಿ. ಹೊಸ ಪೆಟ್ರೋಲು ಒಂದೆರಡು ಲೀಟರ್ ಹಾಕಿ, ಚೋಕ್ ಎಳೆದು ಕಿಕ್ ಹೊಡೆಯಿರಿ. ಅನೇಕ ಗಾಡಿಗಳು ಇಷ್ಟಕ್ಕೇ ಏಳುತ್ತವೆ.

ಚೋಕ್ ಬಿಟ್ಟ ಕೂಡಲೇ, ರೇಸ್ ಇಳಿಸಿದ ಕೂಡಲೇ ಬಂದ್ ಆದರೆ ಸಣ್ಣ ಜೆಟ್ ಕಟ್ಟಿದೆ ಎಂದು ತಿಳಿಯಿರಿ. ಅದನ್ನು ಬಿಚ್ಚಿ ತೊಳೆದು ಹವಾ ಹೊಡೆಸಬೇಕು. ತಂತಿ ಚುಚ್ಚಬೇಡಿ, ಹಿತ್ತಾಳೆಯ ತೂತು ದೊಡ್ಡದಾದರೆ ಆಮೇಲೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ. ನಿಂತಲ್ಲೇ ಪೆಟ್ರೋಲು ಸೋರುತ್ತಿದ್ದರೆ ಬಟ್ಟಲಿನೊಳಗಿನ ಸೂಜಿ ಅಂಟಿಕೊಂಡಿರಬಹುದು. ಸ್ಟಾರ್ಟ್ ಮಾಡದೆ ಮೊದಲು ಅದನ್ನು ನೋಡಿಸಿ.

2020ರ ಏಪ್ರಿಲ್‌ನಿಂದ ಹೊಸ ಹೊಗೆ ನಿಯಮ ಬಂದ ಮೇಲಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾರ್ಬೊರೇಟರ್ ಇಲ್ಲ, ಇಂಜೆಕ್ಷನ್ ಇದೆ. ಕೀಲಿ ತಿರುಗಿಸಿದಾಗ ಟ್ಯಾಂಕಿನೊಳಗಿನ ಪಂಪು ಗುಂಯ್ ಎನ್ನಬೇಕು. ಸದ್ದಿಲ್ಲದಿದ್ದರೆ ಮೊದಲು ಬ್ಯಾಟರಿ ನೋಡಿ, ಬಳಿಕ ಮೆಕ್ಯಾನಿಕ್ಕನ ಬಳಿಗೆ. ಅದನ್ನು ಮನೆಯಲ್ಲಿ ಬಿಚ್ಚುವ ಸಾಹಸ ಬೇಡವೆಂದೇ ನಾವು ಹೇಳುತ್ತೇವೆ.

ಕೆಟ್ಟ ಪೆಟ್ರೋಲನ್ನು ಬಾವಿಯ ಬಳಿ, ಚರಂಡಿಗೆ ಚೆಲ್ಲಬಾರದು, ಒಲೆಗಂತೂ ಸುರಿಯಲೇಬಾರದು. ಔಷಧಿ ಹೊಡೆಯುವ ಪಂಪಿಗೆ ಹಾಕುವುದೂ ದಡ್ಡತನ. ಅದರ ಕಾರ್ಬೊರೇಟರ್ ಇನ್ನೂ ಚಿಕ್ಕದು. ಸಾಮಾನು ತೊಳೆಯಲು ಬೇಕೇ ಎಂದು ಗ್ಯಾರೇಜಿನವರನ್ನು ಕೇಳಿ ಕೊಡಿ.

ಮುಂದಿನ ಸಲ ಗುಳೆ ಹೊರಡುವ ಮುನ್ನ ಕಾಕು ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಬಟ್ಟಲನ್ನು ಬರಿದು ಮಾಡಿ. ಟ್ಯಾಂಕನ್ನು ತುಂಬಿಸಿಡಿ, ಇಲ್ಲವೇ ಪೂರ್ತಿ ಬರಿದು ಮಾಡಿ. ಅರ್ಧ ಟ್ಯಾಂಕೇ ತುಕ್ಕಿಗೆ ಮನೆ. ಇಂಜೆಕ್ಷನ್ ಗಾಡಿಯಾದರೆ ತುಂಬಿಸಿಡುವುದೇ ಸರಿ. ಊರಲ್ಲಿ ಅಣ್ಣನೋ ಅಳಿಯನೋ ಉಳಿದಿದ್ದರೆ ಕೀಲಿ ಕೊಟ್ಟು, ಹದಿನೈದು ದಿನಕ್ಕೊಮ್ಮೆ ಮಕ್ತಲ್ ಸಂತೆಗೆ ಓಡಿಸಿಕೊಂಡು ಬರಲು ಹೇಳಿ. ಬಾಗಿಲು ಮುಚ್ಚಿದ ಕೋಣೆಯೊಳಗೆ ಮಾತ್ರ ಇಂಜಿನ್ ಚಾಲೂ ಮಾಡಕೂಡದು. ಅದರ ಹೊಗೆಯಲ್ಲಿನ ವಿಷಗಾಳಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.