ಕೆರೆ ಏರಿ ಏಕೆ ಒಡೆಯುತ್ತದೆ? – 8ನೇ ತರಗತಿಗೆ ಒಂದು ಪಾಠ

ಮಳವಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಬೋಧನಾಭ್ಯಾಸದ ಅವಧಿಯಲ್ಲಿ ನಾನು 8ನೇ ತರಗತಿಗೆ ‘ಬಲ ಮತ್ತು ಒತ್ತಡ’ ಘಟಕವನ್ನು ಬೋಧಿಸಿದೆ. ಆಳ ಹೆಚ್ಚಿದಂತೆ ದ್ರವದ ಒತ್ತಡವೂ ಹೆಚ್ಚುತ್ತದೆ ಎಂಬುದಕ್ಕೆ ಉದಾಹರಣೆಯಾಗಿ ಕೆರೆ ಏರಿಯನ್ನು ಆರಿಸಿಕೊಂಡೆ. ಮಂಡ್ಯ, ಮದ್ದೂರು, ಮಳವಳ್ಳಿಯ ಮಕ್ಕಳಿಗೆ ಅಣೆಕಟ್ಟೆ ಎಂದರೆ ಕನ್ನಂಬಾಡಿ. ಅದು ಕಲ್ಲುಗಾರೆಯದು. ಆದರೆ ಮಾರೇಹಳ್ಳಿ ಕೆರೆಯಾಗಲಿ, ಮದ್ದೂರಿನ ಸೂಳೆಕೆರೆಯಾಗಲಿ, ನಮ್ಮ ಊರೂರಿನ ಕೆರೆಯಾಗಲಿ, ನಿಂತಿರುವುದು ಮಣ್ಣಿನ ಏರಿಯ ಮೇಲೆ.

ಎರಡು ಅವಧಿಗಳ ಈ ಪಾಠದ ಕೊನೆಗೆ ಮಕ್ಕಳು ಮೂರು ವಿಷಯ ವಿವರಿಸಬೇಕೆಂದು ಗುರಿ ಇಟ್ಟುಕೊಂಡೆ: ಏರಿಯ ಬುಡ ಅಗಲವಾಗಿರುವುದೇಕೆ, ಏರಿ ಒಡೆಯುವುದು ಹೇಗೆ, ಕೋಡಿಯ ಕೆಲಸವೇನು.

ಪೂರ್ವಜ್ಞಾನ

‘ಗದ್ದೆಗೆ ಕಟ್ಟಿದ ನೀರು ರಾತ್ರಿ ಕಳೆಯುವುದರೊಳಗೆ ಖಾಲಿಯಾಗಿದ್ದರೆ ಅಪ್ಪ ಏನು ಹುಡುಕುತ್ತಾರೆ?’ ಎಂದು ಕೇಳಿದೆ. ‘ಏಡಿ ಬಿಲ ಸಾರ್!’ ಎಂದು ಅರ್ಧ ತರಗತಿ ಕೂಗಿತು. ಮಳೆ ಜೋರಾದಾಗ ಬದುವಿನ ಮೇಲೆ ನೀರು ಹರಿದು ಬದುವೇ ಕೊಚ್ಚಿಹೋಗುವುದೂ ಅವರಿಗೆ ಗೊತ್ತಿತ್ತು. ಮಣ್ಣಿನ ಏರಿಗೆ ಬರುವ ಎರಡು ದೊಡ್ಡ ಅಪಾಯಗಳು ಇವೇ: ನೀರು ಏರಿಯ ಮೇಲೆ ಹರಿಯುವುದು, ಏರಿಯೊಳಗೆ ದಾರಿ ಮಾಡಿಕೊಳ್ಳುವುದು.

ಚಟುವಟಿಕೆ

ಮೂರು ಟ್ರೇಗಳಲ್ಲಿ ಒದ್ದೆ ಕೆಮ್ಮಣ್ಣನ್ನು ದಮ್ಮಸು ಮಾಡಿ ಏರಿ ಕಟ್ಟಿಸಿದೆವು. ಬುಡ ಅಗಲ, ತಲೆ ಕಿರಿದು. ಆಳದಲ್ಲಿ ಒತ್ತಡ ಹೆಚ್ಚು, ಅಲ್ಲಿ ಮಣ್ಣೂ ಹೆಚ್ಚು ಬೇಕು ಎಂಬುದನ್ನು ಮಕ್ಕಳೇ ಹೇಳಿದರು. ಮೊದಲ ಏರಿಗೆ ಕೋಡಿ ಇರಲಿಲ್ಲ. ಎರಡನೆಯದಕ್ಕೆ, ನೀರಿನ ಬಾಟಲಿಯನ್ನು ಉದ್ದಕ್ಕೆ ಸೀಳಿದ ಚೂರಿನಿಂದ, ಏರಿಯ ತಲೆಗಿಂತ ಕೆಳಗೆ ಕೋಡಿ ಮಾಡಿದ್ದೆವು. ಮೂರನೆಯದಕ್ಕೂ ಕೋಡಿ ಇತ್ತು. ಆದರೆ ಏರಿಯ ನಡುವೆ ಪೆನ್ನಿನ ರೀಫಿಲ್ ತೂರಿಸಿ ಹೊರಗೆಳೆದು ಬಿಲ ಮಾಡಿದ್ದೆವು.

ನೀರು ಸುರಿದಾಗ ಮೊದಲ ಏರಿಯ ತಲೆಯ ಮೇಲೆ ಸಣ್ಣ ಗೆರೆಯಂತೆ ನೀರು ಹರಿಯಿತು. ಆ ಗೆರೆ ಕೊರೆದು ಕಾಲುವೆಯಾಗಿ ಏರಿಯೇ ಕುಸಿಯಿತು. ಎರಡನೆಯದು ಉಳಿಯಿತು. ಮೂರನೆಯದರಲ್ಲಿ ಮೊದಲು ತೆಳುವಾಗಿ ನೀರು ಜಿನುಗಿತು, ಬಳಿಕ ಕೆಂಪಾಯಿತು, ಬಿಲ ದೊಡ್ಡದಾಗಿ ಏರಿಯ ತಲೆ ಕುಗ್ಗಿತು. ‘ಕೆಂಪು ಎಲ್ಲಿಂದ ಬಂತು?’ ಎಂಬ ಪ್ರಶ್ನೆಗೆ ಸಮಯ ಕೊಡುವುದು ಅಗತ್ಯ. ಏರಿಯ ಬುಡದಲ್ಲಿ ತಿಳಿನೀರು ಸ್ವಲ್ಪ ಜಿನುಗುವುದು ಸಾಮಾನ್ಯ. ಬಗ್ಗಡದ ನೀರು ಬಂದರೆ ಏರಿಯ ಮಣ್ಣೇ ಹೊರಬರುತ್ತಿದೆ ಎಂದು ಅರ್ಥ. ಹಿಂದೆ ಇದನ್ನು ಗಮನಿಸಲು ಊರಿಗೊಬ್ಬ ನೀರುಗಂಟಿ ಇರುತ್ತಿದ್ದ.

ಎರಡು ಅಣೆಕಟ್ಟೆಗಳು

ಮದ್ದೂರು, ಮಳವಳ್ಳಿಗಳಿಗೆ ಹರಿದು ಬರುವ ಶಿಂಷಾ ನದಿಗೆ ಮೇಲ್ಭಾಗದಲ್ಲಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಅಣೆಕಟ್ಟೆಯಿದೆ. ಅದರ ಕಲ್ಲುಕಟ್ಟಡ 139 ಮೀಟರ್; ಎರಡೂ ಪಕ್ಕದಲ್ಲಿ 1,470 ಮೀಟರ್ ಮಣ್ಣಿನ ಏರಿ. ಅಲ್ಲಿನ ಸೈಫನ್‌ಗಳು ನೀರು ಮಟ್ಟ ಮೀರಿದಾಗ ತಾವಾಗಿಯೇ ಹರಿಯತೊಡಗುತ್ತವೆ. ಯಾರೂ ಬಾಗಿಲು ಎತ್ತಬೇಕಿಲ್ಲ.

ಗುಜರಾತಿನ ಮೋರ್ಬಿಯ ಮೇಲ್ಭಾಗದ ಮಚ್ಛು-2 ಅಣೆಕಟ್ಟೆಯೂ ಇದೇ ರೀತಿ: ನಡುವೆ ಕಲ್ಲುಕಟ್ಟಡ, ಪಕ್ಕಗಳಲ್ಲಿ ಮಣ್ಣಿನ ಏರಿ. 1979ರ ಆಗಸ್ಟ್ 11ರಂದು ಬಾಗಿಲುಗಳು ಸಾಗಿಸಬಲ್ಲ ನೀರಿನ ಸುಮಾರು ಮೂರು ಪಟ್ಟು ಪ್ರವಾಹ ಬಂದು ಏರಿಗಳ ಮೇಲೆ ಹರಿಯಿತು. ಕಲ್ಲುಕಟ್ಟಡ ನಿಂತಿತು, ಮಣ್ಣಿನ ಏರಿಗಳು ಕೊಚ್ಚಿಹೋದವು. ಸಾವಿರಾರು ಜನ ಸತ್ತರು. ಟ್ರೇಯ ಮೊದಲ ಏರಿಯನ್ನು ಕಂಡಿದ್ದ ಮಕ್ಕಳಿಗೆ ಇದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ.

ಪಾಠವನ್ನು ತಿರುಗಿಸಿದ ಪ್ರಶ್ನೆ

ಆಗ ಒಬ್ಬ ಹುಡುಗ ಎದ್ದು ಕೇಳಿದ: ‘ಸಾರ್, ಕೋಡಿಗೆ ಮರಳು ಮೂಟೆ ಮಡಗ್ತಾರೆ. ಒಂದಡಿ ನೀರು ಜಾಸ್ತಿ ನಿಂತ್ರೆ ಕಡೇ ಗದ್ದೆಗೂ ಬೆಳೆ ಆಯ್ತದೆ. ಅದು ತಪ್ಪಾ?’

ಅವನ ಮನೆಯ ಗದ್ದೆ ಅಚ್ಚುಕಟ್ಟಿನ ಕೊನೆಯಲ್ಲಿತ್ತು. ‘ತಪ್ಪು’ ಎಂಬ ಒಂದು ಮಾತು ಅವನಿಗೆ ಉತ್ತರವಾಗುವುದಿಲ್ಲ. ಹಲಗೆಯ ಮೇಲೆ ಚಿತ್ರ ಬರೆದು ಲೆಕ್ಕ ಕೊಟ್ಟೆ. ಏರಿಯ ತಲೆಗೂ ಕೋಡಿಗೂ 4 ಅಡಿ ಅಂತರವಿದೆ ಎನ್ನೋಣ. ದೊಡ್ಡ ಮಳೆಯಲ್ಲಿ ಕೋಡಿಯ ಮೇಲೆ 3 ಅಡಿ ನೀರು ಹರಿದರೆ ಎಷ್ಟು ಉಳಿಯಿತು? 1 ಅಡಿ. ಮೂಟೆಯಿಂದ ಕೋಡಿಯನ್ನು 1 ಅಡಿ ಎತ್ತರಿಸಿದರೆ? ಅವನೇ ಹೇಳಿದ: ‘ಏನೂ ಉಳಿಯಲ್ಲ ಸಾರ್.’ ಹಾಗಾದರೆ ಹೆಚ್ಚು ನೀರು ಎಲ್ಲಿ ನಿಲ್ಲಬೇಕು? ಹಿಂದಿನ ಬೆಂಚಿನ ಹುಡುಗಿ ಹೇಳಿದಳು: ‘ಹೂಳು ತೆಗೆದ್ರೆ ಕೆಳಗೇ ಜಾಗ ಆಯ್ತದೆ.’ ಏರಿಯ ಬುಡದ ಹತ್ತಿರ ಮಾತ್ರ ಅಗೆಯಬಾರದು ಎಂದು ನಾನು ಸೇರಿಸಿದೆ.

ಇಲ್ಲಿಂದ ಪ್ರವಾಹ ತಡೆಯ ವಿಷಯಕ್ಕೆ ಬಂದೆವು. 2022ರ ಆಗಸ್ಟ್‌ನಲ್ಲಿ ರಾಮನಗರದ ಬಳಿ ಬೆಂಗಳೂರು–ಮೈಸೂರು ಹೆದ್ದಾರಿ ಮುಳುಗಿದ್ದನ್ನು ಮಕ್ಕಳು ನೆನಪಿಸಿಕೊಂಡರು. ಎರಡನೆಯ ಟ್ರೇಯನ್ನು ಒಮ್ಮೆ ಖಾಲಿ ಇಟ್ಟು, ಒಮ್ಮೆ ಕೋಡಿಯ ಮಟ್ಟಕ್ಕೆ ತುಂಬಿಸಿ, ಒಂದೊಂದು ಚೊಂಬು ನೀರು ಸುರಿದೆವು. ಖಾಲಿ ಕೆರೆ ಆ ನೀರನ್ನು ಹಿಡಿದುಕೊಂಡಿತು. ತುಂಬಿದ ಕೆರೆ ಬಹುಪಾಲನ್ನು ಕೆಳಕ್ಕೆ ಬಿಟ್ಟಿತು. ಬೆಳೆಗೆ ತುಂಬಿದ ಕೆರೆ ಬೇಕು, ಪ್ರವಾಹ ತಡೆಗೆ ಕೆರೆಯಲ್ಲಿ ಜಾಗ ಬೇಕು. ಒಂದೇ ಕೆರೆಯಿಂದ ಎರಡನ್ನೂ ಕೇಳುತ್ತೇವೆ. ಎರಡರಲ್ಲಿ ಯಾವುದನ್ನು ಆರಿಸಿದರೂ ಕೋಡಿಯನ್ನು ಮುಚ್ಚುವಂತಿಲ್ಲ.

ಮೌಲ್ಯಮಾಪನ ಮತ್ತು ಸಲಹೆ

ಮಾರನೆಯ ದಿನ ಮಕ್ಕಳು ಮನೆಯವರನ್ನು ಕೇಳಿ ತಮ್ಮೂರ ಕೆರೆಯ ನಕ್ಷೆ ಬರೆದು ತಂದರು: ಏರಿ, ತೂಬು, ಕೋಡಿ, ಕೋಡಿಯ ನೀರು ಹೋಗುವ ಹಳ್ಳ. ಹಳ್ಳದ ದಾರಿಯಲ್ಲಿ ಮನೆ, ತೋಟಗಳಿದ್ದರೆ ಗುರುತಿಸಲು ಹೇಳಿದ್ದೆ.

ಈ ಪಾಠ ಮಾಡುವ ಪ್ರಶಿಕ್ಷಣಾರ್ಥಿಗಳಿಗೆ ಎರಡು ಮಾತು. ಕ್ಷೇತ್ರ ಭೇಟಿಯನ್ನು ಬೇಸಿಗೆಯಲ್ಲಿ ಇಟ್ಟುಕೊಳ್ಳಿ. ಕೋಡಿ ಬಿದ್ದಾಗ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಬೇಡಿ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದ ಅಣೆಕಟ್ಟೆಗಳಿಗೂ, ಕೆಲವು ಷರತ್ತುಗಳೊಂದಿಗೆ 10ರಿಂದ 15 ಮೀಟರಿನವುಗಳಿಗೂ ಅನ್ವಯಿಸುತ್ತದೆ. ಅದಕ್ಕಿಂತ ತಗ್ಗಿನ ಊರ ಕೆರೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ ಏರಿಯ ಬುಡದಲ್ಲಿ ಬಗ್ಗಡದ ನೀರು ಕಂಡರೆ ಮನೆಯ ಹಿರಿಯರಿಗೂ ಗ್ರಾಮ ಪಂಚಾಯಿತಿಗೂ ಅಂದೇ ತಿಳಿಸಬೇಕೆಂಬುದನ್ನು ಪಾಠದ ಕೊನೆಯಲ್ಲಿ ಮಕ್ಕಳಿಂದಲೇ ಹೇಳಿಸಿ.